ಕರಿಯನಿಗೆ ಅರ್ಥವಾಗುವ ಭಾಷೆ

ಲಡಾಖ್‌ನ ಬೆಟ್ಟಗಳಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಬರೀ ಮರಳು, ಕಲ್ಲು, ತುದಿಯಲ್ಲಿ ಹಿಮ. ಒಳಗೇ ಹಾಸಿಗೆ, ಒಲೆ ಎಲ್ಲಾ ಇರೋ ಬಾಡಿಗೆ ವ್ಯಾನನ್ನ ಚೆಕ್‌ಪೋಸ್ಟ್ ಹತ್ರ ನಿಲ್ಲಿಸಿ ಬಾಗಿಲು ತೆಗೆದಿದ್ದೇ ತಡ, ನಮ್ಮ ನಾಯಿ ಕರಿಯ ಹಾರಿ ಓಟ ಕಿತ್ತ. ಆ ಕಡೆ ಪ್ರಪಾತ.

"ಕರಿಯಾ, ಬಾರಲೇ! ಬಾರೋ ನಮ್ಮಪ್ಪಾ!" ನನ್ನ ಧಾರವಾಡದ ಗಂಟಲು ಹರಿಯೋ ಹಾಗೆ ಕೂಗಿದೆ. ಬಾಲ ಅಲ್ಲಾಡಿಸಿ ಇನ್ನೂ ಮುಂದಕ್ಕೆ ಓಡಿದ.

ಕಾವಲಿಗಿದ್ದ ಸೈನಿಕ ಎಲ್ಲಿಯವರು ಅಂತ ಹಿಂದಿಯಲ್ಲಿ ಕೇಳಿದ. "ಈಗಿರೋದು ಬೆಂಗಳೂರು, ಜೋಗುಪಾಳ್ಯ" ಅಂದೆ. ಅವನ ಮುಖ ಅರಳಿತು.

"ನಂದು ಟ್ರೈನಿಂಗ್ ನಿಮ್ಮ ಏರಿಯಾದಲ್ಲೇ, ಹಲಸೂರು ಕೆರೆ ಪಕ್ಕಾನೇ ಮೇಡಂ! ಅಲ್ಲಿನ ನಾಯಿಗೆ ಕನ್ನಡ ಒಂದೇ ಸಾಲಲ್ಲ." ಕೈ ಬಾಯಿಗಿಟ್ಟು ತಮಿಳಲ್ಲಿ ಕೂಗಿದ: "ಡೇಯ್, ಇಂಗ ವಾಡಾ!"

ಕರಿಯ ಬಾಣದ ಹಾಗೆ ವಾಪಸ್ ಬಂದು ಅವನ ಬೂಟಿನ ಮೇಲೆ ಕೂತ.

ಸೈನಿಕ ಮಂಡಿಯೂರಿ ಅವನ ಕಿವಿ ಸವರಿದ. "ಈ ಪೋಸ್ಟಲ್ಲಿ ಯಾರಿಗೂ ತಮಿಳು ಬರಲ್ಲ ಮೇಡಂ. ಇವನಿಗೊಬ್ಬನಿಗೇ ನನ್ನ ಮಾತು ಅರ್ಥ ಆಗಿದ್ದು."

ಹೊರಡೋಕೆ ಮನಸ್ಸು ಬರಲಿಲ್ಲ. ವ್ಯಾನಿನ ಒಲೆ ಮೇಲೆ ಟೀ ಕಾಯಿಸಿದೆ. ಅವನು ತಮಿಳಲ್ಲಿ ಏನೇನೋ ಹೇಳ್ಕೊಂಡ. ಕರಿಯ ಕಿವಿ ನಿಮಿರಿಸಿ ಎಲ್ಲಾ ಕೇಳಿಸಿಕೊಂಡ.

ನನಗೆ ಮಾತ್ರ ಒಳಗೊಳಗೇ ಉರಿ. ಮರಿಯಿಂದ ಸಾಕಿದವಳು ನಾನು! ಆಮೇಲೆ ಹೊಳೀತು: ಕೆಳಗಿನ ಮನೆ ಸೆಲ್ವಿ ಅಕ್ಕ ದಿನಾ ಅವನನ್ನ ಕರೆಯೋದು ಹೀಗೇ. ನಮ್ಮದು ಸಸ್ಯಾಹಾರಿ ಮನೆ. ಕನ್ನಡದಲ್ಲಿ ಕರೆದ್ರೆ ಮೊಸರನ್ನ, ತಮಿಳಲ್ಲಿ ಕರೆದ್ರೆ ಮಟನ್ ಮೂಳೆ ಅನ್ನೋದು ಕರಿಯನ ಲೆಕ್ಕ.