ಮೂಲೆ ಹರಿದ ಕಾಗದ

ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ರಾಯಬಾಗದ ನಮ್ಮ ಪಡಸಾಲೆಯಲ್ಲಿ ನಾನು ಮತ್ತು ತಂಗಿಯ ಮಗಳು ಶೋಭಾ ಇಬ್ಬರೇ ಇದ್ದೆವು. ಅವಳನ್ನು ಮದುವೆಯಾಗಬೇಕಾದ ಬಸು ಗುಂಡಿನ ಕಾಳಗ ನಡೆದಿದ್ದ ಗಡಿಯಲ್ಲಿದ್ದ, ಫೋನಿಗೆ ಸಿಗುತ್ತಿರಲಿಲ್ಲ. ಟಪಾಲಿನಲ್ಲಿ ಬಂದ ಲಕೋಟೆ ಒಡೆದವಳು ಒಳಗಿನ ಕಾಗದವನ್ನು ಓದದೆ ಕೈಬಿಟ್ಟಳು. ಅದರ ಮೂಲೆ ಹರಿದಿತ್ತು. ಸಾವಿನ ಸುದ್ದಿಯನ್ನು ಹಾಗೆ ಮೂಲೆ ಹರಿದು ಕಳಿಸುವುದು ನಮ್ಮಲ್ಲಿ ಹಳೆಯ ರೂಢಿ.

"ದೊಡ್ಡವ್ವಾ, ನೀನ ಓದ ಬೇ. ನನಗ ಧೈರ್ಯ ಆಗವಲ್ದು."

ಅಕ್ಷರ ಬಸುವಿನದೇ. "ಇದ್ದ ಜಾಗಾದ ಹೆಸರು ಬರದಬಿಟ್ಟಿದ್ದೆ. ಅದನ್ನ ತಿಳಸೂಹಂಗಿಲ್ಲ, ಅದಕ್ಕ ಮೂಲಿ ಹರದೇನಿ. ನಾ ಆರಾಮ ಅದೇನಿ."

"ಮೂಲಿ ಹರದ್ರ ಏನಂತ ಗೊತ್ತಿಲ್ಲ ಈ ಮಬ್ಬಗ," ಎಂದು ಶೋಭಾ ಅಳುತ್ತಲೇ ಬೈದಳು.

ಕಾಗದದ ಮೇಲಿನ ತಾರೀಖು ಹಿಂದಿನ ವಾರದ್ದು. ಅದನ್ನು ಇಬ್ಬರೂ ನೋಡಿದೆವು; ಕಾಳಗ ಇನ್ನೂ ನಿಂತಿರಲಿಲ್ಲ. ಅವಳು ಬರೆದ ಉತ್ತರದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ಸಂಜೆಯ ಟಪಾಲಿಗೆ ನಾನೇ ಹಾಕಿ ಬಂದೆ.