ಮಧ್ಯಾಹ್ನ ಮುಚ್ಚುವ ನೈದಿಲೆ

ಇವತ್ತು ಬೆಳಿಗ್ಗೆ ಅಂಗಳದ ಗಚ್ಚಿನ ತೊಟ್ಟಿಯಿಂದ ಕೆಸರಿನ ವಾಸನೆ ಬಂತು, ನನ್ನ ತಲೆ ಬಿಸಿಯಾಯಿತು. ನಿಮಗೆ ಕೆರೆ ನೆನಪಾದೀತು. ನನಗೆ ಜೆಸಿಬಿ ನೆನಪಾಗುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುವವರಿಗೆ ನಮ್ಮೂರ ಕೆರೆ ತೋರಿಸಬೇಕು.

ನೀರಿನ ಗಿಡ ಗುರುತಿಸಲು ನನಗೆ ಕಲಿಸಿದವರು ಚಿತ್ತಾಪುರದ ನಮ್ಮ ಟೀಚರು, ಗೌರಕ್ಕೋರು. ಅವರೂ ಮುಂಗೋಪಿಯೇ. ಶಹಾಬಾದಿನ ಹಳೆಯ ಫರ್ಸಿ ಕಲ್ಲಿನ ಗಣಿಗಳಲ್ಲಿ ನಿಂತ ನೀರಿನ ದಡಕ್ಕೆ ಕರೆದೊಯ್ದು, ಹೂವಿನ ಕಡೆ ಬೆರಳು ತೋರಿಸಿದರೆ ಗದರುತ್ತಿದ್ದರು. "ಹೂ ಕುರುಡರಿಗೂ ಕಾಣಸ್ತದ. ಮೊದಲು ಎಲಿ ನೋಡ್ರಿ!" ನೀರಿನಿಂದ ಮೇಲೆದ್ದ, ಸೀಳಿಲ್ಲದ ದುಂಡನೆಯ ಎಲೆ ಕಮಲದ್ದು. ನೀರ ಮೇಲೆ ಚಪ್ಪಟೆಯಾಗಿ ಮಲಗಿ, ಅಂಚಿನಿಂದ ತೊಟ್ಟಿನವರೆಗೆ ಸೀಳಿದ್ದರೆ ನೈದಿಲೆ. ತೊಟ್ಟು ಗುಳ್ಳೆಯಂತೆ ಉಬ್ಬಿ, ಬೇರು ಸಮೇತ ತೇಲುತ್ತಿದ್ದರೆ, ಹೂ ಎಷ್ಟೇ ಚೆಂದವಿರಲಿ, ಅದು ಕೆರೆ ನುಂಗುವ ಅಂತರಗಂಗೆ. ಆಮೇಲೆ ವಾಡಿಯ ಕಾಲೇಜಿನಲ್ಲಿ ನಾನು ವರ್ಷಗಟ್ಟಲೆ ಸಸ್ಯಶಾಸ್ತ್ರ ಅಂತ ಕಲಿಸಿದ್ದೂ ಹೆಚ್ಚುಕಡಿಮೆ ಇದನ್ನೇ, ಟೈ ಕಟ್ಟಿಕೊಂಡು.

ಹೋದ ವರ್ಷ ನಮ್ಮೂರಲ್ಲಿ ಕೆರೆ ಚೆಂದ ಮಾಡುವ ಸಮಿತಿಯೊಂದು ಹುಟ್ಟಿತು. ಅದರ ಮುಂದಾಳು ಶರಣಪ್ಪನಿಗೆ ಕೈಮುಗಿದು ಹೇಳಿದ್ದೆ: "ಮುಂಜಾನೆ ಬರ್ರಿ. ಬಿಳಿ ನೈದಿಲಿ ರಾತ್ರಿ ಅರಳಿ, ಬಿಸಿಲೇರಿದ್ರ ಮುಚ್ಕೋತದ. ಯಾವುದು ಕೀಳಬೇಕು ನಾ ತೋರಸ್ತೀನಿ."

ಅವರು ಊಟ ಮುಗಿಸಿ ಮಧ್ಯಾಹ್ನ ಬಂದರು. ನಾನು ಸೇಡಂಗೆ ಮದುವೆಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಜೆಸಿಬಿ ಬಾಚಿದ ನೈದಿಲೆಯೆಲ್ಲ ಏರಿಯ ಮೇಲೆ ಗುಡ್ಡೆ ಬಿದ್ದಿತ್ತು. ಕೆರೆಯಲ್ಲಿ ಅಂತರಗಂಗೆ ನೇರಳೆ ಹೂ ಬಿಟ್ಟುಕೊಂಡು ಹಾಯಾಗಿತ್ತು.

"ಬರೇ ಎಲಿ ಇತ್ರಿ ಸರ್, ಕಸ ಅಂತ ತೆಗಿಸಿದ್ವಿ. ನೀಲಿ ಕಮಲ ಹಂಗೇ ಬಿಟ್ಟೀವಿ. ಭಾಳ ಚಂದ ಅವ," ಅಂದ ಶರಣಪ್ಪ.

ನಾನು ಅಂದದ್ದನ್ನು ಇಲ್ಲಿ ಬರೆಯಲಾಗದು. ಶಹಾಬಾದಿನ ಆ ಹೊಂಡಗಳು ಎಂದೋ ಮುಚ್ಚಿಹೋಗಿವೆ. ನಾನು ಬಲ್ಲಂತೆ ಬಿಳಿ ನೈದಿಲೆ ಉಳಿದಿದ್ದದ್ದು ಈ ಕೆರೆಯೊಂದರಲ್ಲೇ. ಗುಡ್ಡೆ ಕೆದಕಿ, ಜೀವ ಇದ್ದ ಒಂದೇ ಗಡ್ಡೆಯನ್ನು ತಂದು ತೊಟ್ಟಿಯ ಕೆಸರಿಗೆ ಹೂತೆ. "ಈ ರಾಡಿ ಮನಿಗ್ಯಾಕ ತಂದ್ರಿ?" ಅಂದ ಹೆಂಡತಿಯ ಮೇಲೂ ಹರಿಹಾಯ್ದೆ, ಪಾಪ.

ಅದೇ ಗಡ್ಡೆ ಇವತ್ತು ಮೊದಲ ಹೂ ಬಿಟ್ಟಿದೆ. ನೋಡುತ್ತ ನಿಂತಿದ್ದಾಗಲೇ ಶರಣಪ್ಪನ ಫೋನು ಬಂತು.

"ಸರ್, ನಿಮ್ಮ ಮನ್ಯಾಗ ನೈದಿಲಿ ಅರಳೇದಂತ, ಹಾಲಿನವ ಹೇಳ್ದ. ನಾಳೆ ಕೆರಿ ಉದ್ಘಾಟನಾ ಅದ. ಸಾಹೇಬ್ರ ಕೈಲೆ ನೀರಿಗಿ ಬಿಡಸ್ಲಿಕ್ಕ ಒಂದು ಅರಳಿದ ಹೂ ಬೇಕಾಗೇದ. ಯಾವಾಗ ಬರ್ಲಿ?"

ನನ್ನ ದನಿ ನನಗೇ ಗುರುತು ಸಿಗದಷ್ಟು ತಣ್ಣಗಿತ್ತು.

"ಊಟ ಮುಗಿಸಿ ಮಧ್ಯಾಹ್ನ ಬರ್ರಿ," ಅಂದೆ.