ಶೆಟ್ಟೆಪ್ಪ ಬಿಚ್ಚಿದ ಫೋನು

ಕೆಲಸ ಮಾಡದ ವಸ್ತು ಕಣ್ಣಿಗೆ ಬಿದ್ದರೆ ಗೋಕಾಕ ಫಾಲ್ಸಿನ ಶೆಟ್ಟೆಪ್ಪನಿಗೆ ಮೈಯೆಲ್ಲ ಉರಿ. ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಮಗ್ಗ ರಿಪೇರಿ ಮಾಡಿದವನು. ಮಗ್ಗದ ಸದ್ದು ಅವನ ಎರಡೂ ಕಿವಿ ತಿಂದುಹಾಕಿದೆ. ಆ ಗದ್ದಲದಲ್ಲಿ ಮಾತು ಕೇಳುವುದೆಲ್ಲಿ ಬಂತು? ಕೆಲಸದವರು ಕೈಸನ್ನೆಯಲ್ಲೇ ಚಹಾ ಕೇಳುತ್ತಿದ್ದರು, ಬೈಯುತ್ತಿದ್ದರು, ಮಕ್ಕಳ ಲಗ್ನದ ಮಾತುಕತೆಯನ್ನೂ ಮುಗಿಸುತ್ತಿದ್ದರು.

ಆ ಸನ್ನೆ ಬಲ್ಲ ಗೆಳೆಯನೆಂದು ಉಳಿದವನು ಬಾಜೂ ಮಗ್ಗದ ತಾಜುದ್ದೀನ ಒಬ್ಬನೇ. ಈಗ ಯಮಕನಮರಡಿಯಲ್ಲಿದ್ದಾನೆ. ಹೋದ ವರ್ಷ ಲಕ್ವಾ ಹೊಡೆದು ಅವನ ಮಾತು ಹೋಯಿತು, ಬಲಗೈಯೂ ಬಿತ್ತು. ಇವನಿಗೆ ಕಿವಿ ಇಲ್ಲ, ಅವನಿಗೆ ಬಾಯಿ ಇಲ್ಲ. ಆದರೂ ದಿನಾ ಮುಂಜಾನೆ ಎಂಟಕ್ಕೆ ವಿಡಿಯೋ ಕಾಲ್ ಹಚ್ಚಿ, ಅರ್ಧ ತಾಸು ಕೈಯಲ್ಲೇ ಹರಟುತ್ತಿದ್ದರು. ತಾಜುದ್ದೀನನಿಗೆ ದಿನದಲ್ಲಿ ಅದೊಂದೇ ಮಾತು.

ಇಷ್ಟು ಚೆಂದ ನಡೆದಿತ್ತು. ಆದರೆ ಇರಲಾರದವನು ಇರುವೆ ಬಿಟ್ಟುಕೊಂಡ. ಫೋನ್ ಕಂಪನಿಯವರೇ ತುಂಬಿ ಕಳಿಸಿದ ಆಟದ ಆ್ಯಪ್, ಅಂಗಡಿಯ ಆ್ಯಪ್, ಏನು ಮಾಡಿದರೂ ಅಳಿಯುತ್ತಿರಲಿಲ್ಲ. ನನ್ನ ಫೋನಿನಲ್ಲಿ ಇವರದೇನು ಬಿಡಾರ ಎಂದು ಹೆಂಡತಿ ರಾಮವ್ವನ ಮುಂದೆ ಕೂಗಾಡಿದ. ಕಡೆಗೆ ಮನೆಯ ಹಳೆ ಕಂಪ್ಯೂಟರಿಗೆ ಫೋನು ಜೋಡಿಸಿ, ಯಾರದೋ ವಿಡಿಯೋ ನೋಡಿಕೊಂಡು ರೂಟ್ ಮಾಡಿದ. ರೂಟ್ ಅಂದರೆ ಕಂಪನಿ ಹಾಕಿದ ಬೀಗ ಮುರಿದು ಒಳಕೋಣೆಗೆ ನುಗ್ಗುವುದು. ನುಗ್ಗಿದವನು ಸುಮ್ಮನಿದ್ದನೇ? ಅಲುಗಾಡದ ತುಂಡು ಕಂಡರೆ ಕಿತ್ತು ಬದಿಗಿಡುವ ಮಿಲ್ಲಿನ ಚಟ. ಪರದೆಯ ಮೇಲೆ ಕಾಣದ, ಹೆಸರು ಓದಲಾಗದ ಆ್ಯಪ್‌ಗಳನ್ನೂ ಅಳಿಸಿದ. ಫೋನು ಚುರುಕಾಗಿ ಓಡಿತು. ಮರುದಿನ ಎಂಟಕ್ಕೆ ವಿಡಿಯೋ ಕಾಲ್ ಮಾತ್ರ ತೆರೆದ ಕೂಡಲೇ ಮುಚ್ಚಿಕೊಂಡಿತು.

ರೀಸೆಟ್ ಮಾಡಿದ. ಅವನು ಕೂಡಿಟ್ಟ ಫೋಟೋಗಳು ಹೋದವು, ಅಳಿಸಿದ್ದು ಮರಳಿ ಬರಲಿಲ್ಲ. ಅಷ್ಟರಲ್ಲಿ ಕಂಪನಿಯ ಅಪ್‌ಡೇಟ್ ಬಂತು. ಅದಾದರೂ ಸರಿ ಮಾಡೀತೆಂದು ಒತ್ತಿದ. ಅರ್ಧಕ್ಕೆ ನಿಂತು, ಆಗಲಿಲ್ಲ ಎಂದಿತು. ಮತ್ತೆ ಒತ್ತಿದ, ಮತ್ತೆ ಅದೇ. ಹಾಳಾದ ಫೋನನ್ನು ಎರಡು ಸಲ ಹಾಸಿಗೆಗೆ ಒಗೆದ. ನೆಲಕ್ಕೆ ಒಗೆಯುವ ಧೈರ್ಯವಿರಲಿಲ್ಲ.

ಐದನೇ ದಿನ ಮೂಡಲಗಿಗೆ ಹೋಗಿ, ಮೊಬೈಲ್ ರಿಪೇರಿ ಅಂಗಡಿಯ ಸೈಫಅಲಿಯ ಮುಂದಿಟ್ಟ. ಕಿವುಡ ಕಾಕಾನಿಗೆ ತಿಳಿಯಲೆಂದು ಅವನು ಹಾಳೆಯ ಮೇಲೆ ಬರೆದು ತೋರಿಸಿದ: ನೀವು ಕಿತ್ತದ್ದರಲ್ಲಿ ಬೇರೆ ಆ್ಯಪ್‌ಗಳಿಗೆ ಆಸರೆಯಾದದ್ದೂ ಇತ್ತು. ಅಪ್‌ಡೇಟ್ ಮೊದಲು ಒಳಗಿನದೆಲ್ಲ ಕಂಪನಿ ಇಟ್ಟಂತೆಯೇ ಇದೆಯೇ ನೋಡುತ್ತದೆ, ಒಂದು ತುಂಡು ಕಮ್ಮಿಯಾದರೂ ಮುಂದೆ ಹೋಗುವುದಿಲ್ಲ. ಕಂಪನಿಯ ಸಾಫ್ಟ್‌ವೇರನ್ನೇ ಪೂರಾ ಹೊಸದಾಗಿ ತುಂಬಬೇಕು, ಬಿಟ್ಟು ಹೋಗಿರಿ. ಶೆಟ್ಟೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ನಾನು ಬಿಚ್ಚಿದ್ದನ್ನು ಮತ್ತೊಬ್ಬ ಕೂಡಿಸುವುದೇ? ಫೋನು ಕಸಿದುಕೊಂಡು ಮನೆಗೆ ಬಂದು, ಮತ್ತೆ ಮೂರು ದಿನ ಗುದ್ದಾಡಿದ.

ಒಂಬತ್ತನೇ ದಿನ ರಾಮವ್ವನ ಗುಂಡಿ ಫೋನು ಬಡಿದುಕೊಂಡಿತು. ತಾಜುದ್ದೀನನ ಹೆಂಡತಿ ಮೌಲಾಬಿ. ಮಾತು ಮುಗಿಸಿ ಬಂದ ರಾಮವ್ವ ಗಂಡನ ಕಿವಿಗೇ ಬಾಯಿ ಹಚ್ಚಿ ಕೂಗಿದಳು.

"ದಿನಾ ಎಂಟಕ್ಕ ಫೋನ್ ಎದೀ ಮ್ಯಾಲೆ ಇಟ್ಕೊಂಡು ಕುಂಡ್ರತಾರಂತ. ನಿನ್ನೆಯಿಂದ ಉಣ್ಣಾಕ ಒಲ್ಲರಂತ."

ಬಸ್ಸು ಹಿಡಿದು ಒಂದೂವರೆ ತಾಸಿನಲ್ಲಿ ಶೆಟ್ಟೆಪ್ಪ ಯಮಕನಮರಡಿಯಲ್ಲಿದ್ದ. ಮಂಚದ ತುದಿಗೆ ಕೂತು, ಬೀಗ ಮುರಿದದ್ದು, ಕಿತ್ತದ್ದು, ಅಪ್‌ಡೇಟ್ ಕೈಕೊಟ್ಟದ್ದು, ಎಲ್ಲವನ್ನೂ ಎರಡೂ ಕೈಯಲ್ಲಿ ರಭಸದಿಂದ ಹೇಳಿದ. ತಾಜುದ್ದೀನ ಪೂರಾ ನೋಡಿದ. ಆಮೇಲೆ ಎಡಗೈ ಎತ್ತಿ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿದ, ಬೆರಳು ಬಿಡಿಸಿ ಕೇಳಿದ: ಬಸ್ಸೂ ಕೆಟ್ಟಿತ್ತೇನು?